‘ಸರಿ ಅದ’ ಅನ್ನೋ ಮಾತಿನ ತೂಕ

ಗೀಗೀ ಮ್ಯಾಳದಾಗ ಸವಾಲು ಹಾಕಿದವರು ಜವಾಬು ಹೇಳೂದಿಲ್ಲ, ಎದುರು ಮ್ಯಾಳದವರು ಹೇಳಬೇಕು. ಈ ಪುಸ್ತಕದಾಗ ನನಗೆ ಎದುರು ಮ್ಯಾಳ ಇಲ್ಲ. ಸವಾಲೂ ನನ್ನದೇ, ಜವಾಬೂ ನಾನೇ ಹುಡುಕಬೇಕು. ಸವಾಲು ಇಷ್ಟೇ: ಯಂತ್ರದ ದೋಷ ತಾನಾಗಿಯೇ ಮಾಯವಾದರೆ, ಅದನ್ನು ಕಣ್ಣಾರೆ ಕಂಡವನು ಇನ್ನೊಬ್ಬನಿಗೆ ‘ಈಗ ಸರಿ ಅದ’ ಅಂತ ಹೇಳಬಹುದೋ, ಹೇಳಬಾರದೋ?

ಈ ಸವಾಲು ಹುಟ್ಟಿದ್ದು ವಿಮಾನದ ಮಾತಿನಿಂದ. ನನ್ನ ತಂಗಿಯ ಮಗ ಸಣ್ಣ ವಿಮಾನಗಳ ರಿಪೇರಿ ಕೆಲಸದಾಗ ಇದ್ದಾನೆ. ನೂರಾರು ಮಂದಿ ಹತ್ತುವ ವಿಮಾನ ಅಲ್ಲ. ಒಬ್ಬ ಮಾಲಕನ ಸ್ವಂತದ್ದು, ನಾಲ್ಕು ಮಂದಿ ಕೂಡುವಂಥದ್ದು, ಮೂತಿಗೆ ಒಂದೇ ಇಂಜಿನ್ನು. ದೀಪಾವಳಿಗೆ ಊರಿಗೆ ಬಂದಾಗ ಕೇಳಿದೆ: ‘ನಮ್ಮ ಬಾವಿ ಇಂಜಿನ್ನಿಗೂ ಅದಕ್ಕೂ ಏನು ಫರಕು?’

‘ಭಾಳ ಫರಕಿಲ್ಲ ಮಾಮಾ. ನಿಮ್ಮದು ಡೀಜಲ್, ನಮ್ಮದು ಪೆಟ್ರೋಲ್. ನಾಲ್ಕು ಸಿಲಿಂಡರ್, ಗಾಳಿಗೇ ತಣ್ಣಗಾಗತದ. ಆದರ ನಿಮ್ಮ ಇಂಜಿನ್ ನಿಂತರ ನೀರು ನಿಲ್ಲತದ, ಅಷ್ಟ.’

ಮುಂದಿನ ಮಾತು ಅವನು ಆಡಲಿಲ್ಲ. ಇಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನಂಗ ಬೀಳೂದಿಲ್ಲವಂತೆ, ತೇಲುತ್ತ ಇಳಿಯುತ್ತದಂತೆ. ಆದರೆ ಇಳಿಯಾಕ ಕೆಳಗ ಬಯಲು ಸಿಗಬೇಕಲ್ಲ.

ಅದಕ್ಕೇ ಆ ಕೆಲಸದಾಗ ಅನುಮಾನ ಅನ್ನೂದು ದುರ್ಗುಣ ಅಲ್ಲ, ಕಾಯ್ದೆ. ಒಂದೊಂದು ಸಿಲಿಂಡರಿಗೆ ಎರಡೆರಡು ಪ್ಲಗ್ಗು. ಕಿಡಿ ಕೊಡಾಕ ಎರಡು ಮ್ಯಾಗ್ನೆಟೋ, ಒಂದು ಸತ್ತರೆ ಇನ್ನೊಂದು. ಹಾರುವ ಮುಂಚೆ ಇಂಜಿನ್ನನ್ನು ನಿಮಿಷಕ್ಕೆ 1700 ಸುತ್ತಿನ ಆಸುಪಾಸು ಓಡಿಸಿ, ಒಂದು ಮ್ಯಾಗ್ನೆಟೋ ಬಂದ್ ಮಾಡಿ ನೋಡುತ್ತಾರೆ, ಆಮೇಲೆ ಇನ್ನೊಂದು. ಸುತ್ತು ಸ್ವಲ್ಪ ಇಳಿಯಬೇಕು. ಕೆಲವು ಮಾದರಿಗೆ 125ಕ್ಕಿಂತ ಹೆಚ್ಚು ಇಳಿದರೆ ಹಾರುವಂತಿಲ್ಲ. ನನಗೆ ಸೋಜಿಗ ಅನಿಸಿದ್ದು ಬೇರೆ: ಏನೂ ಇಳಿಯದಿದ್ದರೂ ಅನುಮಾನ ಪಡಬೇಕಂತೆ! ಬಂದ್ ಮಾಡಿದ ಮ್ಯಾಗ್ನೆಟೋ ಬಂದ್ ಆಗಿಯೇ ಇಲ್ಲ ಅಂತ ಅದರ ಅರ್ಥ ಇರಬಹುದು. ಅಂಥ ಇಂಜಿನ್ನಿನ ಪಂಖವನ್ನು ಕೈಯಿಂದ ತಿರುವಿದರೂ ಧಡಕ್ಕನೆ ಚಾಲೂ ಆಗಿ ಮನುಷ್ಯನನ್ನು ಹೊಡೆದೀತು.

ಎಣ್ಣೆಯದೂ ಹಾಗೇ. ರೆಕ್ಕೆಯೊಳಗಿನ ಟಾಕಿಯ ಅಡಿಯಿಂದ ದಿನದ ಮೊದಲ ಹಾರಾಟಕ್ಕೆ ಮುಂಚೆ ಸ್ವಲ್ಪ ಪೆಟ್ರೋಲನ್ನು ಬಿಳಿ ಗ್ಲಾಸಿನಾಗ ಹಿಡಿದು ನೋಡುತ್ತಾರೆ. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ. ಅರೆ ತುಂಬಿದ ಟಾಕಿಯಾಗ ರಾತ್ರಿ ಬೆವತು ಸೇರಿದ ನೀರು ಭಾರಾಗಿ ತಳದಾಗ ಕೂತಿರುತ್ತದೆ. ಗ್ಲಾಸಿನಾಗ ನೀಲಿ ಇಲ್ಲದಿದ್ದರೆ, ನೋಡಾಕ ಎಷ್ಟು ಸ್ವಚ್ಛ ಇದ್ದರೂ ಅದು ನೀರಿರಬಹುದು.

ಇನ್ನು ಅಳಿಯ ಹೇಳಿದ ಒಂದು ಪ್ರಸಂಗ. ಮಳೆಗಾಲದ ಒಂದು ಮುಂಜಾನೆ ಒಬ್ಬ ಮಾಲಕ ತನ್ನ ವಿಮಾನ ಇಳಿಸಿ ಬಂದು, ‘ಕೆಳಗೆ ಇಳಿಸುವಾಗ ಇಂಜಿನ್ ನಡುಗಿತು, ಸುತ್ತು ಕಡಿಮಿ ಆತು’ ಅಂದ. ಇವರು ಅರ್ಧ ತಾಸಿನ ಮೇಲೆ ಚಾಲೂ ಮಾಡಿದರೆ ಇಂಜಿನ್ನು ಸುರಳೀತ ನಡೆಯಿತು. ಪ್ಲಗ್ಗು ಬಿಚ್ಚಿ ನೋಡಿದರು, ಮ್ಯಾಗ್ನೆಟೋ ನೋಡಿದರು, ಎಣ್ಣೆ ನೋಡಿದರು. ಏನೂ ಇಲ್ಲ. ಮಾಲಕನಿಗೆ ಅವಸರ: ‘ಈಗ ಛಲೋ ನಡೀತದಲ್ಲ, ನಾಳೆ ಮನೆಮಂದೀನ ಕರಕೊಂಡು ಹೋಗಬೇಕು, ಸಹಿ ಮಾಡ್ರಿ.’

ಅಲ್ಲಿ ಸಹಿ ಇಲ್ಲದೆ ಕೆಲಸ ಮುಗಿಯೂದಿಲ್ಲ. ವಿಮಾನದ ಒಡಲಿಗೊಂದು, ಇಂಜಿನ್ನಿಗೊಂದು ದಾಖಲೆ ಪುಸ್ತಕ ಇರುತ್ತವೆ. ರಿಪೇರಿ ಮಾಡಿದ್ದನ್ನು ಬರೆದು, ಸರಕಾರದ ಲೈಸೆನ್ಸ್ ಇದ್ದ ಇಂಜಿನಿಯರು ತನ್ನ ಹೆಸರು ಹಾಕಿದ ಮೇಲೆಯೇ ಅದು ಹಾರಬೇಕು. ಆ ಇಂಜಿನಿಯರು ಸಹಿ ಮಾಡಲಿಲ್ಲ. ಮಾಲಕನಿಗೆ ಚಹಾ ಕುಡಿಸಿ ಒಂದೊಂದೇ ಕೇಳಿದರು: ಮೋಡ ಇತ್ತೇನು? ಇಂಜಿನ್ ಎಷ್ಟು ಸಣ್ಣ ಮಾಡಿದ್ದಿರಿ? ಬಿಸಿಗಾಳಿಯ ಗುಂಡಿ ಎಳೆದಿರೇನು?

ಅವರ ಅನುಮಾನ ಕಾರ್ಬುರೇಟರಿನಾಗಿನ ಬರ್ಫದ ಮ್ಯಾಲ ಇತ್ತು. ನಮ್ಮಂಥ ಬಿಸಿಲು ನಾಡಿನಾಗ ಬರ್ಫ ಎಲ್ಲಿಂದ ಬಂತು ಅಂತ ನಾನೂ ನಕ್ಕೆ. ಆದರೆ ಮಣ್ಣಿನ ಗಡಿಗೆಯ ಮೈಯಿಂದ ನೀರು ಆರುತ್ತ ಒಳಗಿನ ನೀರು ತಣ್ಣಗಾಗೂದು ನಾವು ಕಂಡಿದ್ದೇವಲ್ಲ, ಇದೂ ಅದೇ ನಮೂನಿ. ಕಾರ್ಬುರೇಟರಿನ ಇಕ್ಕಟ್ಟಾದ ಗಂಟಲಿನಾಗ ಗಾಳಿ ಜೋರಾಗಿ ನುಗ್ಗಿ, ಪೆಟ್ರೋಲು ಆವಿಯಾಗುವಾಗ ತಂಪು 20 ಡಿಗ್ರಿಗಿಂತ ಹೆಚ್ಚು ಇಳಿಯಬಲ್ಲದು. ಹೊರಗೆ 20 ಡಿಗ್ರಿ ಇದ್ದರೂ ಹಸಿ ಗಾಳಿಯಾಗ ಒಳಗೆ ಬರ್ಫ ಕಟ್ಟಿ ಇಂಜಿನ್ನಿನ ಉಸಿರು ಹಿಡಿಯುತ್ತದೆ. ಇಂಜಿನ್ ಸಣ್ಣ ಮಾಡಿ ಇಳಿಯುವಾಗ ಇದರ ಅಪಾಯ ಹೆಚ್ಚು. ವಿಮಾನ ನೆಲಕ್ಕೆ ಬಂದು ನಿಂತರೆ ಬರ್ಫ ಕರಗಿ ಹೋಗುತ್ತದೆ. ಕಳ್ಳನೂ ಇಲ್ಲ, ಕಾಲಿನ ಗುರುತೂ ಇಲ್ಲ.

ಇದಕ್ಕೆ ಮದ್ದಾಗಿ ಹೊಗೆ ಕೊಳವೆಯ ಸುತ್ತಲಿನ ಬಿಸಿಗಾಳಿಯನ್ನು ಒಳಗೆ ಬಿಡುವ ಗುಂಡಿ ಇರುತ್ತದೆ. ಮಾಲಕ ಎಳೆದಿದ್ದನಂತೆ, ಗುಣ ಬಂದಿರಲಿಲ್ಲ. ನೆಲದ ಮೇಲೆ ಇಂಜಿನ್ ಓಡಿಸಿ ಗುಂಡಿ ಎಳೆದು ನೋಡಿದರು. ಬಿಸಿಗಾಳಿ ತೆಳು ಇರುವುದರಿಂದ ಸುತ್ತು ಎದ್ದು ಕಾಣುವಂಗ ಇಳಿಯಬೇಕಿತ್ತು. ಇಳಿದೂ ಇಳಿಯದಂಗ ಆತು. ಬಿಚ್ಚಿದರೆ ಗುಂಡಿಯ ತಂತಿ ಹಿಡಿಕೆಯಾಗ ಜಾರಿತ್ತು. ಒಳಗಿನ ಬಾಗಿಲು ಅರ್ಧವೂ ತೆರೆಯುತ್ತಿರಲಿಲ್ಲ.

‘ಸಿಗದಿದ್ದರ ಏನು ಮಾಡತಿದ್ದಿರಿ?’ ಅಂತ ಕೇಳಿದೆ.

‘ಸಿಗೂತನಕ ನಿಂತಿರತಿತ್ತು ಮಾಮಾ.’

ಆ ರಾತ್ರಿ ನನಗೆ ನಿದ್ದಿ ಹತ್ತಲಿಲ್ಲ. ಮೂವತ್ತು ವರ್ಷದ ಹಿಂದಿನ ಮಾತು ಎದ್ದು ಬಂತು. ನಮ್ಮ ಬಾವಿಗೆ ಹ್ಯಾಂಡಲ್ ಹೊಡೆದು ಚಾಲೂ ಮಾಡುವ ಡೀಜಲ್ ಇಂಜಿನ್ನು ಇತ್ತು. ಇಂಜಿನ್ ಹಿಡಿದ ಕೂಡಲೇ ಹ್ಯಾಂಡಲ್ ದಂಡದಿಂದ ತಾನೇ ಕಳಚಿ ಕೈಗೆ ಬರಬೇಕು. ಒಂದು ಸಂಜೆ ಅದು ಕಳಚಲಿಲ್ಲ, ಸಿಕ್ಕಿಕೊಂಡು ಗರಗರ ತಿರುಗಿತು. ನಾನು ಹಾರಿ ಹಿಂದಕ್ಕೆ ಸರಿದೆ. ಇಂಜಿನ್ ನಿಲ್ಲಿಸಿ, ಗ್ರೀಸ್ ಹಚ್ಚಿ ಮತ್ತೆ ಹೊಡೆದೆ. ಈ ಸಲ ನೆಟ್ಟಗೆ ಕಳಚಿತು. ಮತ್ತೊಂದು ಸಲವೂ ಕಳಚಿತು. ಕಚ್ಚು ಸವೆದಿದೆಯೋ ಹೆಂಗೋ ಅಂತ ನಾನು ನೋಡಲಿಲ್ಲ.

ಮರುದಿನ ನೀರಿನ ಪಾಳಿ ನಮ್ಮ ಮ್ಯಾಳದಾಗ ಡಪ್ಪು ಬಾರಿಸುವ ಅಣ್ಣನದು. ‘ಇಂಜಿನ್ ಹೆಂಗದ ತಮ್ಮಾ?’ ಅಂತ ಕೇಳಿದರು. ‘ಸರಿ ಅದ ಅಣ್ಣಾ, ಹೊಡಿ’ ಅಂದೆ. ಹ್ಯಾಂಡಲ್ ಸಿಕ್ಕಿಕೊಂಡಿತು. ಬಲಗೈಯ ಮಣಿಕಟ್ಟು ಮುರಿಯಿತು. ಎಲುಬು ಕೂಡಿತು, ಆದರೆ ಮಣಿಕಟ್ಟು ಮೊದಲಿನಂಗ ತಿರುಗಲಿಲ್ಲ. ಡಪ್ಪಿನ ಮೇಲೆ ಮಳೆ ಸುರಿದಂಗ ಬೀಳುತ್ತಿದ್ದ ಆ ಕೈ ಆಮೇಲೆ ಡಪ್ಪು ಮುಟ್ಟಲಿಲ್ಲ. ಇವತ್ತಿಗೂ ಅವರು ನನ್ನ ಹಿಂದೆ ನಿಂತು ಸೂರು ಹಿಡಿಯುತ್ತಾರೆ, ಡಪ್ಪು ಬೇರೆಯವರು ಬಾರಿಸುತ್ತಾರೆ. ಹಿಂದಿನ ಸಂಜೆ ಹ್ಯಾಂಡಲ್ ಸಿಕ್ಕಿಕೊಂಡಿದ್ದನ್ನು ನಾನು ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ? ವೈರ ಇರಲಿಲ್ಲ, ದುಡ್ಡಿನ ಆಸೆ ಇರಲಿಲ್ಲ. ಆಗ ಸುತ್ತಲಿನ ತೋಟದವರು ಇಂಜಿನ್ ಕೆಟ್ಟರೆ ನನ್ನನ್ನೇ ಕರೆಯುತ್ತಿದ್ದರು. ‘ಯಾಕ ಸಿಕ್ಕಿಕೊಂಡಿತೋ ನನಗ ಗೊತ್ತಾಗಲಿಲ್ಲ’ ಅಂತ ಹೇಳಿದರೆ ಆ ಹೆಸರಿಗೆ ಕಡಿಮಿ ಆಗತಿತ್ತು. ‘ಸರಿ ಅದ’ ಅನ್ನುವುದು ಎರಡೇ ಶಬ್ದ. ಅದರಾಗ ನನ್ನ ಬಿಂಕ ಉಳಿಯಿತು, ಅವರ ಕೈ ಹೋಯಿತು.

ಇದಕ್ಕೆ ಎದುರು ಮಾತೂ ಉಂಟು. ಕಾರಣ ಸಿಗೂತನಕ ಎಲ್ಲವನ್ನೂ ನಿಲ್ಲಿಸಿದರೆ ಬಡವನ ಬೆಳೆ ಒಣಗುತ್ತದೆ. ಬಾವಿಯ ಇಂಜಿನ್ನಿಗೆ ವಿಮಾನದ ಕಾಯ್ದೆ ಹಚ್ಚಿದರೆ ರೈತ ಬದುಕೂದಿಲ್ಲ. ಖರೆ. ಆ ದಿನ ನೀರು ನಿಲ್ಲಿಸಬೇಕಿತ್ತು ಅಂತ ನಾನು ಇವತ್ತೂ ಅನ್ನೂದಿಲ್ಲ. ‘ನಿನ್ನೆ ಸಿಕ್ಕಿಕೊಂಡಿತ್ತು, ಯಾಕಂತ ತಿಳಿದಿಲ್ಲ, ಕೈ ಜ್ವಾಕಿ’ ಅಂದಿದ್ದರೆ ಸಾಕಿತ್ತು. ‘ಸರಿ ಅದ’ ಬೇರೆ, ‘ತಪ್ಪು ಸಿಗಲಿಲ್ಲ’ ಬೇರೆ. ಎರಡನೆಯದನ್ನು ಮೊದಲನೆಯದರ ಅಂಗಿ ತೊಡಿಸಿ ಕಳಿಸೂದೇ ಸುಳ್ಳು.

ಹಾಗಾದರೆ ‘ತಪ್ಪು ಸಿಗಲಿಲ್ಲ’ ಅಂತ ತಿಳಿಸಿದ ಮೇಲೆ ಮಾಲಕ ‘ನನ್ನ ವಿಮಾನ, ನನ್ನ ಜೀವ, ನಾ ಹೋಗತೀನಿ’ ಅಂದರೆ? ತಿಳಿದು ತನ್ನ ಜೀವ ಪಣಕ್ಕಿಡುವವನ ಮಾತು ಬೇರೆ. ಆದರೆ ಹಿಂದಿನ ಸೀಟಿನಾಗ ಮಕ್ಕಳು ಇರುತ್ತಾರೆ, ಕೆಳಗೆ ಯಾರದೋ ಮನೆಯ ಮಾಳಿಗೆ ಇರುತ್ತದೆ. ಅವರನ್ನು ಯಾರೂ ಕೇಳಿಲ್ಲ. ಕೇಳದವರ ಪರವಾಗಿ ‘ಇಲ್ಲ’ ಅನ್ನಾಕ ಆ ಸಹಿ ಇರೂದು ಅಂತ ನನಗೆ ತೋಚುತ್ತದೆ.

1903ರ ಡಿಸೆಂಬರ್ 17ರಂದು ಅಮೆರಿಕದಾಗ ರೈಟ್ ಅಣ್ಣತಮ್ಮಂದಿರು ಮೊದಲ ಸಲ ಇಂಜಿನ್ ವಿಮಾನ ಹಾರಿಸಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಆ 12 ಕುದುರೆ ಶಕ್ತಿಯ ಇಂಜಿನ್ನನ್ನು ಆರು ವಾರದಾಗ ಮಾಡಿ ಕೊಟ್ಟವನು ಅವರ ಸೈಕಲ್ ಅಂಗಡಿಯ ಕೆಲಸಗಾರ ಚಾರ್ಲಿ ಟೇಲರ್. ಹಾರಿದವರ ಜೀವ ನೆಲದ ಮೇಲೆ ನಿಂತವನ ಕೆಲಸದ ಮೇಲೆ ನಿಂತಿತ್ತು. ಅದು ಆಗಲೂ ಹಾಗೇ, ಈಗಲೂ ಹಾಗೇ, ಬಾವಿಯ ದಂಡಿಯ ಮೇಲೂ ಹಾಗೇ.

ದೀಪಾವಳಿ ಮುಗಿದ ಮೇಲೆ ಅಣ್ಣನ ಮನೆಗೆ ಹೋಗಿ ಎಲ್ಲಾ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅವತ್ತ ಹೇಳಿದ್ದರ ಹ್ಯಾಂಡಲ್ ಜ್ವಾಕಿಲೆ ಹೊಡೀತಿದ್ದೆ’ ಅಂದರು. ಇಷ್ಟೇ. ಬೈಯಲಿಲ್ಲ, ಇರಲಿ ಬಿಡು ಅಂತಲೂ ಅನ್ನಲಿಲ್ಲ. ಮುಂದಿನ ಸೋಮವಾರ ಮ್ಯಾಳಕ್ಕೆ ಬಂದು ಹಿಂದೆ ನಿಂತು ಸೂರು ಹಿಡಿದರು.

ಈಗ ನನ್ನ ತೋಟದಾಗ ಕರೆಂಟಿನ ಮೋಟಾರು ಇದೆ. ಮೊಮ್ಮಗ ‘ಸರಿ ಅದ ಏನಜ್ಜಾ?’ ಅಂತ ಕೇಳಿದರೆ, ಗೊತ್ತಿದ್ದಷ್ಟು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಮೊದಲು ಹೇಳುತ್ತೇನೆ.