ಬೆಚ್ಚಗಿನ ಮನುಷ್ಯ, ತಣ್ಣಗಿನ ಹೊಟ್ಟೆ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಫ್ಯಾನ್ ತಿರುಗುತ್ತಿದ್ದರೂ ಬೆವರು ಆರದ ಹೊತ್ತಿನಲ್ಲಿ ಒಂದು ಇಮೇಲ್ ಬಂತು. ಕೊನೆಯಲ್ಲಿ 'ವಾರ್ಮ್ ರಿಗಾರ್ಡ್ಸ್' ಎಂದಿತ್ತು. ಬರೆದವರು ಕಲಬುರಗಿಯ ಸ್ನೇಹಿತರು. ಆ ಊರಿನ ಏಪ್ರಿಲ್ ಬಿಸಿಲಿನಲ್ಲಿ ಕೂತು, ಇದ್ದ ಸೆಕೆ ಸಾಲದೆಂಬಂತೆ ಇನ್ನಷ್ಟು ಬೆಚ್ಚಗಿನದ್ದನ್ನು ಕಟ್ಟಿ ಕಳಿಸಿದ್ದರು.

ಇಂಗ್ಲಿಷಿನ 'ವಾರ್ಮ್' ಹಾಲಿಗೂ ಸಲ್ಲುತ್ತದೆ, ಕಂಬಳಿಗೂ ಸಲ್ಲುತ್ತದೆ, ಮನುಷ್ಯನಿಗೂ ಸಲ್ಲುತ್ತದೆ. ಹಾಲಿನ ಬಿಸಿಯನ್ನು ಥರ್ಮಾಮೀಟರ್ ಇಟ್ಟು ನೋಡಬಹುದು. ಮನುಷ್ಯನಿಗೆ ಥರ್ಮಾಮೀಟರ್ ಇಟ್ಟರೆ ಗೊತ್ತಾಗುವುದು ಜ್ವರ ಮಾತ್ರ.

ಈ ಪದದ ಬೆನ್ನು ಹತ್ತಿದವರು ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ. 1907ರಲ್ಲಿ ವಾರ್ಸಾದಲ್ಲಿ ಹುಟ್ಟಿ, 1920ರಲ್ಲಿ ಮನೆಯವರೊಂದಿಗೆ ನ್ಯೂಯಾರ್ಕಿಗೆ ಬಂದವರು. ಇಂಗ್ಲಿಷ್ ಅವರಿಗೆ ತಾಯಿ ಹಾಲಿನ ಜೊತೆ ಬಂದದ್ದಲ್ಲ, ಹುಡುಗನಾಗಿದ್ದಾಗ ಕಷ್ಟಪಟ್ಟು ಕಲಿತದ್ದು. ಮನೆಮಾತಿನವರು ಕಣ್ಣೆತ್ತಿಯೂ ನೋಡದ ಪದ ಅವರ ಕಣ್ಣಿಗೆ ಬಿದ್ದದ್ದು ಅದಕ್ಕೇ ಇರಬೇಕು ಎಂದು ನನ್ನ ಊಹೆ.

1946ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಬಹಳ ಸರಳ. ಒಬ್ಬ ವ್ಯಕ್ತಿಯ ಏಳು ಗುಣಗಳನ್ನು ವಿದ್ಯಾರ್ಥಿಗಳಿಗೆ ಓದಿ ಹೇಳಿದರು: ಬುದ್ಧಿವಂತ, ಕುಶಲ, ಶ್ರಮಜೀವಿ, 'ವಾರ್ಮ್', ದೃಢಮನಸ್ಸಿನವ, ವ್ಯವಹಾರಸ್ಥ, ಎಚ್ಚರಿಕೆಯವ. ಇನ್ನೊಂದು ಗುಂಪಿಗೂ ಇದೇ ಪಟ್ಟಿ. 'ವಾರ್ಮ್' ಇದ್ದಲ್ಲಿ 'ಕೋಲ್ಡ್', ಅಷ್ಟೇ. ಈತ ಉದಾರಿಯೇ ಎಂದು ಕೇಳಿದಾಗ ಮೊದಲ ಗುಂಪಿನಲ್ಲಿ ನೂರಕ್ಕೆ 91 ಮಂದಿ ಹೌದೆಂದರು. ಎರಡನೆಯದರಲ್ಲಿ 8 ಮಂದಿ! ಪ್ರಾಮಾಣಿಕತೆಯ ವಿಷಯದಲ್ಲಿ ಮಾತ್ರ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟವು. ತಣ್ಣಗಿನವನು ಸುಳ್ಳುಗಾರನಲ್ಲ, ಆದರೆ ಕೈಬಿಚ್ಚಿ ಕೊಡುವವನಲ್ಲ, ನಗುವವನಲ್ಲ. ಅದೇ ಜಾಗದಲ್ಲಿ ವಿನಯಿ ಮತ್ತು ಒರಟ ಎಂಬ ಪದಗಳನ್ನಿಟ್ಟು ನೋಡಿದಾಗ ಇಷ್ಟು ದೊಡ್ಡ ಅಂತರ ಬರಲಿಲ್ಲ. ಹವಾಮಾನದಿಂದ ಎರವಲು ತಂದ ಪದವೊಂದು ಉಳಿದ ಆರು ಗುಣಗಳಿಗೂ ತನ್ನ ಬಣ್ಣ ಬಳಿದುಬಿಟ್ಟಿತ್ತು.

ಇದಕ್ಕಿಂತ ನನಗೆ ಇಷ್ಟವಾದದ್ದು 1960ರಲ್ಲಿ ಅವರು ಹ್ಯಾರಿಯೆಟ್ ನೆರ್ಲೋವ್ ಜೊತೆ ಮಕ್ಕಳೊಂದಿಗೆ ನಡೆಸಿದ ಅಧ್ಯಯನ. ಸಿಹಿ, ಗಟ್ಟಿ, ತಣ್ಣಗೆ, ಮೆತ್ತಗೆ, ಆಳ, ಸೊಟ್ಟ ಇಂಥ ಅರ್ಥದ ಇಂಗ್ಲಿಷ್ ಪದಗಳು. ಮೂರು ನಾಲ್ಕು ವರ್ಷದವರಿಗೆ ವಸ್ತುಗಳ ಮಟ್ಟಿಗೆ ಇವೆಲ್ಲ ಚೆನ್ನಾಗಿ ಗೊತ್ತು. ಮನುಷ್ಯರೂ ಹಾಗಿರುತ್ತಾರಾ ಎಂದರೆ ಬಹುಪಾಲು ಇಲ್ಲವೇ ಇಲ್ಲ ಎಂಬ ಉತ್ತರ. ಸ್ವಲ್ಪ ದೊಡ್ಡವರಾದ ಮೇಲೆ 'ಗಟ್ಟಿ ಮನುಷ್ಯ' ಒಪ್ಪಿಗೆಯಾಗುತ್ತಾನೆ, ಆದರೆ ಗಟ್ಟಿ ಕಲ್ಲಿಗೂ ಅವನಿಗೂ ಸಂಬಂಧ ಕಾಣುವುದಿಲ್ಲ. ಒಂದೇ ಹೆಸರಿನ ಇಬ್ಬರು ಹುಡುಗರು ಒಂದೇ ತರಗತಿಯಲ್ಲಿ ಇರುವುದಿಲ್ಲವೇ, ಹಾಗೆ. ಎರಡಕ್ಕೂ ನಡುವೆ ದಾರಿಯಿದೆ ಎಂದು ಮಕ್ಕಳು ಬಾಯಿಬಿಟ್ಟು ಹೇಳುವುದು ಒಂಬತ್ತು ಹತ್ತು ದಾಟಿದ ಮೇಲೆ. ನಾವು ದೊಡ್ಡವರು ಆ ದಾರಿಯಲ್ಲಿ ದಿನಾ ಓಡಾಡುತ್ತೇವೆ, ದಾರಿ ಇದೆಯೆಂಬುದೇ ಮರೆತಿದೆ.

ಬಿಸಿ ಕಾಫಿ ಲೋಟ ಹಿಡಿದವರಿಗೆ ಎದುರಿನವರು ಆತ್ಮೀಯರಾಗಿ ಕಾಣುತ್ತಾರೆ ಎಂಬ ಪ್ರಯೋಗ 2008ರಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಹೆಚ್ಚು ಜನರನ್ನಿಟ್ಟು ಮತ್ತೆ ಮಾಡಿದಾಗ ಫಲಿತಾಂಶ ನಿಲ್ಲಲಿಲ್ಲ. ನಮ್ಮ ದರ್ಶಿನಿಗಳ ಮುಂದೆ ನಿಂತು ಕಾಫಿ ಕುಡಿಯುತ್ತಲೇ ಜಗಳವಾಡುವವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು.

ಆಶ್ ಬೇರೆ ಭಾಷೆಗಳನ್ನೂ ತಡಕಿದರು. ಹೀಬ್ರೂ, ಚೀನಿ, ನಮ್ಮ ನೆರೆಯ ಮಲಯಾಳಂ ಕೂಡ ಆ ಪಟ್ಟಿಯಲ್ಲಿತ್ತು. 'ನೇರ' ಎಂಬ ಅರ್ಥದ ಪದ ಭಾಷೆಯಿಂದ ಭಾಷೆಗೆ ಹೋದರೂ ಪ್ರಾಮಾಣಿಕತೆಯ ಕಡೆಗೇ ವಾಲುತ್ತದೆ. ಕನ್ನಡದ ನೇರ ನುಡಿ, ಸೊಟ್ಟಬುದ್ಧಿಗಳಿಗೂ ಅದೇ ಲೆಕ್ಕ. 'ಬಿಸಿ' ಹಾಗಲ್ಲ. ಹೀಬ್ರೂವಿನಲ್ಲಿ ಅದು ಕೋಪ, ಚೀನಿಯಲ್ಲಿ ಉತ್ಸಾಹ.

ಕನ್ನಡಕ್ಕೆ ಬಂದರೆ ಬಿಸಿಗೆ ಒಳ್ಳೆಯ ಹೆಸರಿಲ್ಲ. ಬೆಲೆಯೇರಿಕೆಯ ಬಿಸಿ, ತಲೆಬಿಸಿ, ಬಿಸಿ ಮುಟ್ಟಿಸುವುದು, ಅದರ ಅಕ್ಕ ಹೊಟ್ಟೆಯುರಿ. ಬೆಚ್ಚಗಿರುವುದು ಒಳ್ಳೆಯದೇ, ಆದರೆ ಅದು ಮನೆಗೆ. ಸರ್ವಜ್ಞ ಬಯಸಿದ್ದೂ ಬೆಚ್ಚಗಿನ ಮನೆಯನ್ನೇ. 'ಅವನೇನಪ್ಪಾ, ಬೆಚ್ಚಗಿದ್ದಾನೆ' ಎಂದರೆ ನಾಲ್ಕು ಕಾಸು ಮಾಡಿಕೊಂಡಿದ್ದಾನೆ ಎಂದರ್ಥ, ಪ್ರೀತಿಯವನು ಎಂದಲ್ಲ. ಹರಸುವಾಗ ಅಜ್ಜಿಯ ಬಾಯಲ್ಲಿ ಬರುವುದು 'ನಿನ್ನ ಹೊಟ್ಟೆ ತಣ್ಣಗಿರಲಿ'. ಉಪಕಾರ ಮಾಡಿದವರನ್ನು ನೆನೆಯಬೇಕಾದದ್ದು ತಣ್ಣನೆ ಹೊತ್ತಿನಲ್ಲಿ. ಚಳಿಯ ನಾಡಿನವರಿಗೆ ಬಿಸಿ ಪ್ರೀತಿ, ಸೆಕೆಯ ನಾಡಿನವರಿಗೆ ತಂಪು ಪ್ರೀತಿ ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಉತ್ಸಾಹಕ್ಕೆ ತಣ್ಣೀರೆರಚುವವರೂ ನಮ್ಮವರೇ. ಅತ್ತ ಇಂಗ್ಲಿಷಿನಲ್ಲೂ 'ಕೋಲ್ಡ್'ಗೆ ನಾಲ್ಕು ಡಿಗ್ರಿ ಮೇಲಿರುವ 'ಕೂಲ್' ಬೈಗುಳವೂ ಹೌದು, ಹೊಗಳಿಕೆಯೂ ಹೌದು. ಧೋನಿ 'ಕ್ಯಾಪ್ಟನ್ ಕೂಲ್'. ಅದನ್ನೇ 'ಕ್ಯಾಪ್ಟನ್ ಕೋಲ್ಡ್' ಮಾಡಿ ನೋಡಿ, ಡ್ರೆಸ್ಸಿಂಗ್ ರೂಮಿನಲ್ಲಿ ಯಾರೂ ಹತ್ತಿರ ಸುಳಿಯಲಿಕ್ಕಿಲ್ಲ.

ಅನುವಾದದಲ್ಲಿ ಇವು ಎಡವಿಸುತ್ತವೆ. 'ಬೆಚ್ಚನೆಯ ಸ್ವಾಗತ' ಎಂದು ಪತ್ರಿಕೆಯಲ್ಲಿ ಕಂಡಾಗೆಲ್ಲ ಅತಿಥಿ ಬೆಚ್ಚಿಬಿದ್ದನೇನೋ ಅನಿಸುತ್ತದೆ. ಆದರದ ಸ್ವಾಗತ ಅಂದರೆ ಸಾಕಿತ್ತು. 'ಶೀತಲ ಸಮರ' ಮಾತ್ರ ಹೇಗೋ ದಕ್ಕಿತು. ಅಮೆರಿಕ, ಸೋವಿಯತ್ ಒಕ್ಕೂಟದ ನಡುವಿನದು ಮುಗಿದು ಮೂವತ್ತು ವರ್ಷ ದಾಟಿದರೂ ಒಂದೇ ಪಕ್ಷದ ಇಬ್ಬರು ಸಚಿವರ ನಡುವೆ ಅದು ಇನ್ನೂ ನಡೆಯುತ್ತಿದೆ.

ಇಮೇಲಿಗೆ ಉತ್ತರಿಸುವಾಗ 'ಕೋಲ್ಡ್ ರಿಗಾರ್ಡ್ಸ್' ಎನ್ನುವ ಮನಸ್ಸಾಯಿತು. ಇಂಗ್ಲಿಷಿನಲ್ಲಿ ಅದು ಜಗಳಕ್ಕೆ ಕರೆದಂತೆ. ಕೊನೆಗೆ ಕನ್ನಡದಲ್ಲೇ 'ತಣ್ಣಗಿರಿ' ಎಂದು ಬರೆದೆ. ಸಂಜೆ ಮರುಉತ್ತರ ಬಂತು: 'ಕರೆಂಟ್ ಹೋಗ್ಯಾದ್ರಿ ಸರ್, ತಣ್ಣಗ ಹ್ಯಾಂಗ ಇರ್ಬೇಕ್ರಿ?'