ಗೋಡೆಯ ಮೇಲಿನ ದಾಂಪತ್ಯ

ಮಲಗುವ ಕೋಣೆಯ ಗೋಡೆಗೆ ಪ್ರೇಮಿಗಳ ಚಿತ್ರ ತೂಗುಹಾಕುವುದು ಈಗ ದೊಡ್ಡ ನಗರಗಳ ಶೋಕಿಯಾಗಿ ಮಾತ್ರ ಉಳಿದಿಲ್ಲ. ಮೇಳಿಗೆಯಂಥ ಮಲೆನಾಡಿನ ಊರುಗಳಿಗೂ ಅದು ಬಂದು ಮುಟ್ಟುತ್ತದೆ. ಕೊಲ್ಲಿ ದೇಶಗಳಿಂದ ರಜೆಗೆ ಬರುವವರು ಪಪೈರಸ್ ಹಾಳೆಯ ಮೇಲೆ ಪ್ರಾಚೀನ ಈಜಿಪ್ಟಿನ ಶೈಲಿಯಲ್ಲಿ ಬರೆದ ರಾಜ-ರಾಣಿಯರ ಚಿತ್ರ ತರುವುದುಂಟು. ಪಕ್ಕಕ್ಕೆ ತಿರುಗಿದ ಮುಖ, ಅಗಲವಾದ ಕಣ್ಣು, ಚಿನ್ನದ ಬಣ್ಣ. ನೋಡಲು ಚೆಂದವೇ. ಆದರೆ ಪ್ರೀತಿಯನ್ನು ಗೋಡೆಗೆ ಹಾಕಿದರೆ ಅದು ಮನೆಯೊಳಗೂ ಇರುತ್ತದೆಯೆ?

ಇಂಥ ಚಿತ್ರಗಳಲ್ಲಿ ಬಹಳವಾಗಿ ನಕಲಾಗುವ ಒಂದು, ತುತಾಂಖಾಮನ್ ದೊರೆಯ ಚಿನ್ನದ ಸಿಂಹಾಸನದ ಒರಗುಹಲಗೆಯದು. 1922ರಲ್ಲಿ ಹೋವರ್ಡ್ ಕಾರ್ಟರ್ ಪತ್ತೆಮಾಡಿದ ಗೋರಿಯಲ್ಲಿ ಆ ಸಿಂಹಾಸನ ದೊರೆಯಿತು. ಕುಳಿತಿರುವ ಯುವ ದೊರೆಗೆ ರಾಣಿ ಅಂಖೆಸೆನಾಮುನ್ ಸುಗಂಧ ಲೇಪಿಸುತ್ತಿದ್ದಾಳೆ. ಮೇಲಿನಿಂದ ಸೂರ್ಯನ ಕಿರಣಗಳು ಕೈಗಳಾಗಿ ಚಾಚಿವೆ. ದೊರೆ ಇಪ್ಪತ್ತು ತುಂಬುವ ಮೊದಲೇ ತೀರಿಕೊಂಡ. ಬದುಕಿ ಉಳಿಯದ ಎರಡು ಹಸುಗೂಸುಗಳ ದೇಹಗಳೂ ಅದೇ ಗೋರಿಯಲ್ಲಿದ್ದವು. ರಾಣಿ ಇತಿಹಾಸದಿಂದಲೇ ಮರೆಯಾದಳು. ಅವಳ ಗೋರಿ ಇಂದಿಗೂ ಗುರುತಾಗಿಲ್ಲ. ಅವರ ನಡುವೆ ಪ್ರೀತಿ ಇರಲಿಲ್ಲವೆನ್ನಲು ನಾವು ಯಾರು? ಆದರೆ ಅದಕ್ಕೆ ಈ ಹಲಗೆ ಸಾಕ್ಷಿಯಾಗಲಾರದು. ಅದು ಸಿಂಹಾಸನದ ಹಲಗೆ. ಅಲ್ಲಿ ದೊರೆ ಕುಳಿತಿದ್ದಾನೆ, ರಾಣಿ ನಿಂತು ಸೇವೆ ಮಾಡುತ್ತಿದ್ದಾಳೆ.

ಗಂಡು-ಹೆಣ್ಣನ್ನು ಗೋಡೆಯ ಮೇಲೆ ಬರೆಯುವ ಪದ್ಧತಿ ನಮ್ಮ ನೆಲದಲ್ಲೂ ಇದೆ. ಸಾಗರ, ಹೊಸನಗರ ಕಡೆಯ ದೀವರ ಮನೆಗಳಲ್ಲಿ ಮದುವೆಗೆಂದು ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ದಂಡಿಗೆಯೊಳಗೆ ಕೂತ ಮದುಮಕ್ಕಳು ಕೆಲವೇ ಗೆರೆಗಳಲ್ಲಿ ಮೂಡುತ್ತಾರೆ. ಅವರಿಗೆ ಮುಖಚಹರೆಯಿಲ್ಲ, ಹೆಸರಿಲ್ಲ; ಯಾರ ಮಗಳು ಬೇಕಾದರೂ ಅಲ್ಲಿ ಕೂರಬಹುದು. ಈಗ ಈ ಚಿತ್ತಾರ ಕಾಗದಕ್ಕೂ ಬಟ್ಟೆಗೂ ಬಂದಿದೆ. ಗೋಡೆಯದ್ದಾದರೆ ಹೊಗೆಗೆ, ತೇವಕ್ಕೆ ಮಾಸುತ್ತದೆ. ಮುಂದಿನ ಮದುವೆಗೆ ಮತ್ತೆ ಹಿಟ್ಟು ಅರೆಯಬೇಕು, ನಾರು ಜಜ್ಜಬೇಕು, ಬೆನ್ನು ಬಾಗಿಸಿ ಬರೆಯಬೇಕು. ದಾಂಪತ್ಯವೂ ಹೀಗೆಯೇ, ಬರೆದಷ್ಟು ದಿನ ಮಾತ್ರ ಇರುವಂಥದ್ದು.

ಚಿತ್ರ ಹಲಾಲೋ ಹರಾಮೋ ಎಂಬ ಚರ್ಚೆಯನ್ನು ಉಲೇಮಾಗಳಿಗೆ ಬಿಡೋಣ. ಹದೀಸ್‌ನ ಒಂದು ಪ್ರಸಂಗವನ್ನಷ್ಟೇ ನೆನೆಯೋಣ. ಹಜ್ರತ್ ಆಯಿಷಾ(ರ) ಚಿತ್ರಗಳಿದ್ದ ಪರದೆಯೊಂದನ್ನು ಮನೆಯಲ್ಲಿ ತೂಗುಹಾಕಿದ್ದರು. ಪ್ರವಾದಿ(ಸ) ಅದನ್ನು ಮೆಚ್ಚಲಿಲ್ಲ. ಅವರು ಆ ಬಟ್ಟೆಯನ್ನು ಕತ್ತರಿಸಿ ದಿಂಬು ಮಾಡಿದರು. ವಿದ್ವಾಂಸರು ಇದನ್ನು ಹಲವು ಬಗೆಯಲ್ಲಿ ವಿವರಿಸಿದ್ದಾರೆ. ನಮಗೆ ಕಾಣುವುದು ಒಂದು ಮನೆಯ ಸರಳ ವಿವೇಕ: ನೋಡುವುದಕ್ಕೆಂದು ತೂಗಿದ್ದು ಒರಗಿಕೊಳ್ಳುವುದಕ್ಕೆ ಬಂತು.

ಗಂಡ-ಹೆಂಡಿರ ನಡುವಿನ ಪ್ರೀತಿ ಮತ್ತು ಕರುಣೆಯನ್ನು ಖುರ್‌ಆನ್ ಅಲ್ಲಾಹನ ಕುರುಹುಗಳ ಸಾಲಿನಲ್ಲಿ ಎಣಿಸುತ್ತದೆ. ಪ್ರೀತಿಯ ಜೊತೆಗೇ ಕರುಣೆ. ನಿಕಾಹ್‌ನಲ್ಲಿ ಗಂಡು ಮಹ್ರ್ ಕೊಡಬೇಕು. ಅದು ಹೆಣ್ಣಿನ ಹಕ್ಕು. ನಮ್ಮಲ್ಲಿ ನಡೆಯುತ್ತಿರುವುದೇನು? ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಆದರೂ ಹೆಣ್ಣಿನ ಅಪ್ಪ ಸಾಲ ಮಾಡಿ ಮಂಚ, ಬೀರು, ಚಿನ್ನ ಕಳಿಸುವುದು ನಿಂತಿಲ್ಲ. ಕೆಲವರು ಅದನ್ನು ವರದಕ್ಷಿಣೆ ಎನ್ನದೆ ‘ಖುಷಿಯಿಂದ ಕೊಟ್ಟದ್ದು’ ಎನ್ನುತ್ತಾರೆ.

ಗೋಡೆಯ ಮೇಲೆ ಈಜಿಪ್ಟಿನ ರಾಣಿ ಪ್ರೀತಿಯಿಂದ ಕೈ ಚಾಚಿದ್ದಾಳೆ. ಕೆಳಗೆ ಮಾವನ ಸಾಲದಲ್ಲಿ ಬಂದ ಮಂಚವಿದೆ. ಅಂಥ ಕೋಣೆಯಲ್ಲಿ ಆ ಚಿತ್ರ ಹೇಳುವುದು ಸುಳ್ಳು. ಚಿತ್ರ ಬೇಡವೆಂದು ನಮ್ಮ ವಾದವಲ್ಲ. ಚೆಲುವನ್ನು ಮೆಚ್ಚುವುದು ತಪ್ಪೂ ಅಲ್ಲ. ಮದುಮಗ ಚಿತ್ರಕ್ಕೆ ಮೊಳೆ ಹೊಡೆಯುವ ಮೊದಲು ಮಹ್ರ್ ಕೊಟ್ಟಾಗಿದೆಯೆ, ಮಂಚದ ಸಾಲ ಯಾರ ತಲೆಯ ಮೇಲಿದೆ ಎಂದು ಒಮ್ಮೆ ಕೇಳಿಕೊಳ್ಳಲಿ. ಸಾಲ ಮಾವನ ಮೇಲಿದ್ದರೆ ಅದನ್ನು ತೀರಿಸಲು ಹೊರಡಲಿ. ಚಿತ್ರವನ್ನು ಆಮೇಲೆ ತೂಗುಹಾಕಬಹುದು.