ಗೋಡೆಯೊಳಗಿನ ನೀರು

ಓದಿಗೆಂದು ಪರದೇಶಕ್ಕೆ ಹೋದ ವಿದ್ಯಾರ್ಥಿ ತಂಡಗಳಿಗೆ ಸ್ಪೇನಿನ ಗ್ರನಾಡಾದಲ್ಲಿ ಆಲ್ಹಾಂಬ್ರಾ ಅರಮನೆಯ ನೆರೆಯ ಹೆನೆರಲೀಫೆ ಜಲೋದ್ಯಾನವನ್ನು ತೋರಿಸುವಾಗ, ಕುರಾನಿನಲ್ಲಿ ಬರುವ ಸ್ವರ್ಗದ ನೀರು, ಹಾಲು, ಮದ್ಯ, ಜೇನಿನ ನದಿಗಳನ್ನು ನೆನೆಯುವುದು ವಾಡಿಕೆಯಾಗಿದೆ. ಅಷ್ಟು ದೂರ ಹೋಗಲಾಗದವರಿಗೆ ವಿಜಯಪುರದ ಪೂರ್ವಕ್ಕೆ ಕುಮಟಗಿಯಿದ್ದು, ಕೆರೆಯ ನೀರನ್ನು ಗೋಪುರಗಳಿಗೇರಿಸಿ, ಕೊಳವೆಗಳಲ್ಲಿ ಹರಿಸಿ, ಕಾರಂಜಿಯಾಗಿ ಚಿಮ್ಮಿಸಿದ ಆದಿಲಶಾಹಿಗಳ ಬೇಸಿಗೆ ಮಂಟಪಗಳು ಅಲ್ಲಿ ಉಳಿದಿವೆ. ಆದರೆ ಎಡೆದೊರೆ ನಾಡಿನ, ಎಂದರೆ ಕೃಷ್ಣೆ ತುಂಗಭದ್ರೆಗಳ ನಡುವಿದ್ದೂ ಮುಗಿಲನ್ನೇ ನಂಬಿ ಬಂದ ಸೀಮೆಯ, ಸಂತೆಕಲ್ಲೂರಿನಲ್ಲಿ ನಿಂತು ನೋಡಿದರೆ, ಹೊರಗೆ ಬಾಯಾರಿಕೆಯಿರುವಾಗ ಗೋಡೆಯೊಳಗೆ ಆಡುವ ನೀರು ಧರ್ಮಕ್ಕೆ ಸೇರಿದ್ದೋ ಭೋಗಕ್ಕೆ ಸೇರಿದ್ದೋ ಎಂಬ ಪ್ರಶ್ನೆ ಏಳುತ್ತದೆ.

ಭೋಗವೆಂದು ತಳ್ಳಿಹಾಕುವುದು ಸುಲಭ, ಆದರೆ ಅವಸರದ ತೀರ್ಪು. ಷರಿಯಾ ಎಂಬ ಶಬ್ದಕ್ಕೇ ನೀರಿನ ನೆಲೆಗೆ ಒಯ್ಯುವ ದಾರಿಯೆಂಬ ಮೂಲಾರ್ಥವಿದೆ. ಬಾವಿ ಯಾರದೇ ಆದರೂ ಬಾಯಾರಿದ ಮನುಷ್ಯನಿಗೂ ಪ್ರಾಣಿಗೂ ಅದರಲ್ಲಿ ಕುಡಿಯುವ ಹಕ್ಕುಂಟೆಂದು ಹನಫೀ ನ್ಯಾಯಶಾಸ್ತ್ರ ಹೇಳುತ್ತದೆ, ಆ ಹಕ್ಕಿಗೆ 'ಶಫಾ' ಎಂದು ಹೆಸರು. ಹೆನೆರಲೀಫೆಯ ಅಂಗಳದ ನಡುವೆ ಹರಿಯುವುದು ದಾರೋ ನದಿಯಿಂದ ತಿರುಗಿಸಿ ತಂದ ರಾಜಕಾಲುವೆಯಾಗಿದ್ದು, ಅರಸರ ಕಣ್ಣಿಗೆ ತಂಪೆರೆದ ಆ ವ್ಯವಸ್ಥೆಯೇ ಪಕ್ಕದ ಕಾಯಿಪಲ್ಲೆಯ ತೋಟಗಳಿಗೂ ನೀರುಣಿಸಿತು. ಪ್ರವಾಸಿಗರು ಕಾರಂಜಿಯ ಚಿತ್ರ ತೆಗೆದುಕೊಂಡು ಬರುತ್ತಾರೆ, ತೋಟವನ್ನು ಗಮನಿಸುವವರು ಕಡಿಮೆ.

ಇತ್ತ ಸಂತೆಕಲ್ಲೂರಿನ ಕಡೆ ತಿರುಗಿದರೆ, ಲಿಂಗಾಯತ ಧರ್ಮದ ಅಷ್ಟಾವರಣಗಳಲ್ಲಿ, ಎಂದರೆ ಭಕ್ತನನ್ನು ಕಾಯುವ ಎಂಟು ಆಸರೆಗಳಲ್ಲಿ, ಒಂದಾದ ಪಾದೋದಕವು ಗುರು ಲಿಂಗ ಜಂಗಮರ ಪಾದ ಸೋಕಿದ ನೀರಾಗಿದ್ದು, ಅದು ನೋಡಿ ಸುಖಿಸುವುದಕ್ಕಲ್ಲ, ಸೇವಿಸುವುದಕ್ಕೆ ಇರುವಂಥದು. ಅದೇ ಪರಂಪರೆಯವರಾದ, ಈ ಊರಿನ ಘನಮಠದ ನಾಗಭೂಷಣ ಶಿವಯೋಗಿಗಳು 19ನೆಯ ಶತಮಾನದಲ್ಲಿ 'ಕೃಷಿ ಜ್ಞಾನ ಪ್ರದೀಪಿಕೆ'ಯನ್ನು ರಚಿಸಿ, ಯೋಗಿಯಾದವನು ಒಕ್ಕಲುತನದ ಬಗೆಗೆ ಬರೆಯುವುದು ಅಧ್ಯಾತ್ಮದಿಂದ ಇಳಿದುಬಂದಂತಲ್ಲವೆಂದು ತೋರಿಸಿಕೊಟ್ಟರು. ಜಲೋದ್ಯಾನವು ಸ್ವರ್ಗವನ್ನು ನೆಲಕ್ಕೆ ತಂದು ತೋರಿಸಿದರೆ, ಈ ಗ್ರಂಥವು ನೆಲವನ್ನೇ ಸಾಧನೆಯ ವಿಷಯವಾಗಿಸುತ್ತದೆ.

ಇಂದು ಗೋಡೆ ಕಲ್ಲಿನದೇ ಆಗಿರಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ತುಂಬಿ ನಿಂತಿರುವಾಗ ಕೊನೆ ಭಾಗದ ರೈತರು ಒಣ ಕಾಲುವೆಯ ಮುಂದೆ ಧರಣಿ ಕೂರುತ್ತಾರೆ. ಮಸ್ಕಿ ಸೀಮೆಯ ಹಳ್ಳಿಗಳು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ದೀರ್ಘಕಾಲ ಹೋರಾಡಿವೆ. ಅರಸನ ಉದ್ಯಾನಕ್ಕೆ ಹಾಕಿದ ಪ್ರಶ್ನೆಯನ್ನು ಮೇಲ್ಭಾಗದ ಹಸಿರು ಗದ್ದೆಗೂ ಹಾಕಬೇಕಾಗುತ್ತದೆ, ಅಲ್ಲಿ ನೀರು ಕಟ್ಟಿಕೊಂಡಿರುವವನೂ ಒಕ್ಕಲಿಗನೇ ಆಗಿದ್ದರೂ.